ನಾಯಿಗೆ ಬೇರೆ ಮನೆ ಹುಡುಕುತ್ತಿದ್ದೇನೆ. ಬಾಯಿ ಹಾಕಿದ ವಿಷಯ ಹೇಳಲೇಬೇಕಾ?

ಕಿಟಕಿ ಪಕ್ಕ · 1ನೇ ದಿನ

ಬರೆದು ಅಳಿಸಿ, ಬರೆದು ಅಳಿಸಿ, ಇದು ನಾಲ್ಕನೇ ಸಲ. ಬೈಯಬೇಕು ಅನಿಸಿದರೆ ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ನಮ್ಮ ಕೆಂಚನಿಗೆ 4 ವರ್ಷ. ಗಂಡು, ಆಪರೇಷನ್ ಆಗಿಲ್ಲ. ಸುಮಾರು 5 ವಾರದ ಮರಿ ಇದ್ದಾಗಲೇ ತಂದಿದ್ದೆವು. ಈಗ ಮಗಳಿಗೆ 13 ತಿಂಗಳು. ನಡೆಯಲು ಶುರು ಮಾಡಿದ್ದಾಳೆ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಾಳೆ.

ನಿನ್ನೆ ಸಂಜೆ ಕೆಂಚ ಊಟ ಮುಗಿಸಿ, ಖಾಲಿ ಬಟ್ಟಲನ್ನು ಮುಂಗಾಲುಗಳ ನಡುವೆ ಇಟ್ಟುಕೊಂಡು ಮಲಗಿದ್ದ. ಮಗಳು ಹೋಗಿ ಬಟ್ಟಲಿನ ಅಂಚು ಹಿಡಿದಳು. ಅವನು ಅಲ್ಲಾಡಲಿಲ್ಲ. ಕಣ್ಣಿನ ಬಿಳಿಭಾಗ ಕಾಣಿಸಿತು. ನಾನು ಎದ್ದು ಓಡುವಷ್ಟರಲ್ಲಿ ಗುರ್ ಅಂದ. ಮರುಕ್ಷಣ ಹಲ್ಲು ಅವಳ ಕೆನ್ನೆಗೆ ತಾಗಿತ್ತು. ರಕ್ತ ಬರಲಿಲ್ಲ, ಎರಡು ಕೆಂಪು ಗೆರೆ ಅಷ್ಟೇ. ರಾತ್ರಿಯೆಲ್ಲ ಅವನು ಬಾಗಿಲ ಆಚೆ, ನಾನು ಈಚೆ. ಇಬ್ಬರೂ ನಿದ್ದೆ ಮಾಡಲಿಲ್ಲ.

ಒಂದು ತಿಂಗಳೊಳಗೆ ಬೇರೆ ಮನೆ ನೋಡಬೇಕು ಅಂತ ನನ್ನ ಗಂಡ ಹೇಳಿದ್ದಾರೆ. ಪರಿಚಯದ ಒಬ್ಬರು ಸಲಹೆ ಕೊಟ್ಟರು: "ಇದನ್ನೆಲ್ಲ ಹೇಳಿದರೆ ಯಾರೂ ತಗೊಳ್ಳಲ್ಲ. ಮನೆ ಬದಲಾಯಿಸುತ್ತಿದ್ದೇವೆ ಅಂತ ಸುಮ್ನೆ ಹಾಕು." ಜಾಹೀರಾತು ಬರೆದೂ ಆಯಿತು. "ತುಂಬಾ ಪ್ರೀತಿಯ ನಾಯಿ" ಅಂತ ಇದೆ. ಅದು ಸುಳ್ಳಲ್ಲ. ಆದರೂ ಹಾಕಲು ಕೈ ಬರುತ್ತಿಲ್ಲ.

ನೇರಮಾತು · 1ನೇ ದಿನ

ಮಗು ಬಂತು, ನಾಯಿ ಬೇಡವಾಯಿತು. ಎಷ್ಟು ಸಲ ಕೇಳಿದ ಕಥೆ ಇದು! 4 ವರ್ಷ ಸಾಕಿದ ಜೀವವನ್ನು ಹಳೇ ಸೋಫಾ ಥರ ಸಾಗಿಸುವುದಾ? ಬಟ್ಟಲ ಹತ್ತಿರ ಮಗುವನ್ನು ಬಿಟ್ಟವರು ಯಾರು?

ಹಳೇ ಚಾಪೆ · 1ನೇ ದಿನ

ನೇರಮಾತು ಅವರೇ, ನೀವು ಹೇಳಿದ್ದರಲ್ಲಿ ಅರ್ಧ ನಿಜ. ಆದರೆ ನಿಮ್ಮಂಥವರ ಬೈಗುಳಕ್ಕೆ ಹೆದರಿಯೇ ಎಷ್ಟೋ ಜನ ನಿಜ ಮುಚ್ಚಿಡುತ್ತಾರೆ. ಹದಿನೈದು ವರ್ಷದಿಂದ ಬಿಟ್ಟುಹೋದ ನಾಯಿಗಳನ್ನು ಮನೆಗೆ ತಂದು, ಸುಧಾರಿಸಿ, ಬೇರೆಯವರಿಗೆ ಕೊಡುವ ಕೆಲಸ ಮಾಡುತ್ತಿದ್ದೇನೆ. ಬಂದು ಕೇಳುವವರು ಕೆಟ್ಟವರಲ್ಲ. ಕೇಳದೆ ರಾತ್ರಿ ಕಾರಿನಿಂದ ಇಳಿಸಿ ಹೋಗುವವರ ವಿಷಯ ಬೇರೆ.

ಕಿಟಕಿ ಪಕ್ಕ, ಆ ಜಾಹೀರಾತು ಹಾಕಬೇಡಿ. ನಾಳೆ ವಿವರವಾಗಿ ಬರೆಯುತ್ತೇನೆ.

ಸೂಜಿಮದ್ದು · 1ನೇ ದಿನ

ನಾನು ಪಶುವೈದ್ಯ. ಮೊದಲು ಮಗುವಿನ ವಿಷಯ. ಕೆಂಪು ಗೆರೆ ಅಂದಿರಿ. ಚರ್ಮ ಸ್ವಲ್ಪ ತರಚಿದ್ದರೂ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ. "ನಮ್ಮದೇ ನಾಯಿ, ಲಸಿಕೆ ಆಗಿದೆ" ಅಂತ ಸುಮ್ಮನಿರಬೇಡಿ. ಚುಚ್ಚುಮದ್ದು ಬೇಕೋ ಬೇಡವೋ ಅವರು ಹೇಳಲಿ.

ಎರಡನೆಯದು, ಇನ್ನು 10 ದಿನ ಕೆಂಚನನ್ನು ಯಾರಿಗೂ ಕೊಡಬೇಡಿ. ಬಾಯಿ ಹಾಕಿದ ನಾಯಿಯನ್ನು 10 ದಿನ ಕಣ್ಣೆದುರೇ ಇಟ್ಟುಕೊಳ್ಳಬೇಕು. ಅಷ್ಟು ದಿನ ಆರೋಗ್ಯವಾಗಿದ್ದರೆ, ಕಚ್ಚಿದ ಹೊತ್ತಿಗೆ ಅದರ ಎಂಜಲಿನಲ್ಲಿ ರೇಬೀಸ್ ವೈರಸ್ ಇರಲಿಲ್ಲ ಅಂತ ಅರ್ಥ. ಬೇಗ ಬೇಗ ದಾಟಿಸಿಬಿಟ್ಟರೆ ಆ ಲೆಕ್ಕವೇ ಸಿಗುವುದಿಲ್ಲ. ಹಾಗಂತ ಮಗುವಿನ ಚಿಕಿತ್ಸೆಗೆ 10 ದಿನ ಕಾಯುವುದಲ್ಲ, ಅದು ಬೇರೆ, ಇದು ಬೇರೆ.

ಮೂರನೆಯದು, ಅವನ ಬಾಯಿ ತೋರಿಸಿ. 4 ವರ್ಷ ಸುಮ್ಮನಿದ್ದ ನಾಯಿ ಈಗ ಯಾಕೆ ಹೀಗೆ ಮಾಡಿತು? ನೋವಿರುವ ನಾಯಿಗೆ ತಾಳ್ಮೆ ಕಡಿಮೆ. ಹಲ್ಲು, ಕಿವಿ, ಸೊಂಟ ಎಲ್ಲ ನೋಡಿಸಿ.

ಆಮೇಲೆ, ಗುರ್ ಅಂದದ್ದಕ್ಕೆ ಹೊಡೆದಿದ್ದೀರಾ? ಹೊಡೆಯಬೇಡಿ. ಗುರ್ ಅನ್ನುವುದು ಅದರ ಕಾಲಿಂಗ್ ಬೆಲ್. ಆ ವೈರು ಕತ್ತರಿಸಿದರೆ ಮುಂದಿನ ಸಲ ಸದ್ದಿಲ್ಲದೆ ನೇರವಾಗಿ ಕಚ್ಚುತ್ತದೆ.

ಎರಡನೇ ಮಹಡಿ · 2ನೇ ದಿನ

ಹೇಳಬೇಕಾ ಅಂತ ಕೇಳಿದಿರಿ. ಹೇಳದವರ ನಾಯಿ ತಂದವಳು ನಾನು.

"ಎಲ್ಲರ ಜೊತೆ ಹೊಂದಿಕೊಳ್ಳುತ್ತದೆ, ಮನೆ ಬದಲಾಯಿಸುತ್ತಿದ್ದೇವೆ" ಅಂದರು. ಮನೆ ಬದಲಾವಣೆ ನಿಜವಾಗಿಯೂ ದೊಡ್ಡ ಕಾರಣವೇ. 1998ರಲ್ಲಿ ಅಮೆರಿಕದ 12 ಶೆಲ್ಟರ್‌ಗಳ ಒಂದು ಅಧ್ಯಯನ ಬಂದಿತ್ತು, ಅದರಲ್ಲೂ ಜನ ನಾಯಿ ಬಿಡಲು ಹೇಳಿದ ಮುಖ್ಯ ಕಾರಣಗಳಲ್ಲಿ ಇದು ಒಂದು. ಹಾಗಾಗಿ ನಾನೂ ಅನುಮಾನ ಪಡಲಿಲ್ಲ. ಮೊದಲ ವಾರ ಆ ಹುಡುಗಿ (ಹೆಣ್ಣು ನಾಯಿ, ನಾನು ಹಾಗೇ ಕರೆಯುವುದು) ಮೂಲೆಯಲ್ಲಿ ಮುದುರಿಕೊಂಡು ಮಲಗಿರುತ್ತಿದ್ದಳು. ಎಷ್ಟು ಸಾಧು ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಒಂಬತ್ತನೇ ದಿನ ಅಮ್ಮ ಅವಳು ಮಲಗಿದ್ದ ಚಾಪೆ ಸರಿಸಲು ಬಗ್ಗಿದರು. ಮುಂಗೈಗೆ ಕಚ್ಚಿದಳು, ಬಿಡಲಿಲ್ಲ. ಅಮ್ಮನ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ.

ಆಮೇಲೆ ವಿಚಾರಿಸಿದರೆ, ನಮ್ಮದು ಅವಳ ನಾಲ್ಕನೇ ಮನೆ. ಮೂರು ಮನೆಯಲ್ಲೂ ಅದೇ ಆಗಿತ್ತು, ಮಲಗಿದ್ದಾಗ ಯಾರೋ ಮುಟ್ಟಿದ್ದು. ಒಬ್ಬರು ಒಂದು ಸಾಲು ಬರೆದಿದ್ದರೆ ಸಾಕಿತ್ತು: "ಮಲಗಿದ್ದಾಗ ಮುಟ್ಟಬೇಡಿ, ದೂರದಿಂದ ಹೆಸರು ಕರೆಯಿರಿ." ನಾವು ಕರೆಯುತ್ತಿದ್ದೆವು. ಅದೇನು ಕಷ್ಟದ ಕೆಲಸವಾ?

ಕೊನೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಶಾಶ್ವತವಾಗಿ ಮಲಗಿಸಿದೆವು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಆ ಮೂರು ಮನೆಯವರಿಗೆ ಇದು ಗೊತ್ತೂ ಇಲ್ಲ.

ಕಿಟಕಿ ಪಕ್ಕ · 2ನೇ ದಿನ

ಎರಡನೇ ಮಹಡಿ, ಓದಿ ತುಂಬಾ ಹೊತ್ತು ಕೂತೇ ಇದ್ದೆ. ಜಾಹೀರಾತು ಅಳಿಸಿದ್ದೇನೆ. ಮಗಳನ್ನು ಡಾಕ್ಟರಿಗೆ ತೋರಿಸಿ ಬಂದೆವು.

ಹಳೇ ಚಾಪೆ · 2ನೇ ದಿನ

ಸರಿ, ಈಗ ನನ್ನ ಪುರಾಣ.

ಜನ ಅಂದುಕೊಳ್ಳುವುದು, ಮನೆ ಸಿಗುವುದು ಕಷ್ಟ ಅಂತ. ಮನೆ ಸಿಗುತ್ತದೆ. "ಉಚಿತ" ಅಂತ ಹಾಕಿ ನೋಡಿ, ಅರ್ಧ ಗಂಟೆಯಲ್ಲಿ ಹತ್ತು ಫೋನ್ ಬರುತ್ತವೆ. ಬರುವ ಫೋನ್‌ಗಳಲ್ಲಿ ಯಾವುದು ಮನೆ, ಯಾವುದು ಮನೆಯಲ್ಲ ಅಂತ ಗುರುತಿಸುವುದೇ ಕಷ್ಟ. ಆಪರೇಷನ್ ಆಗದ ಗಂಡು ನಾಯಿ ಅಂದ ಕೂಡಲೇ ಮರಿ ಮಾಡಿಸಿ ಮಾರುವವರು ಮೂಗು ತೂರಿಸುತ್ತಾರೆ. ಉಚಿತವಾಗಿ ತಗೊಂಡು ವಾರದೊಳಗೆ ಇನ್ನೊಬ್ಬರಿಗೆ ಮಾರುವವರಿದ್ದಾರೆ. ಗೋಡೌನ್ ಕಾಯಲು ಗಿಡ್ಡ ಸರಪಳಿಗೆ ಕಟ್ಟಿ, ಭಾನುವಾರ ಯಾರೂ ಬಾರದ ಜಾಗದಲ್ಲಿ ಬಿಡುವವರಿದ್ದಾರೆ. ಅವರೆಲ್ಲ ಫೋನಿನಲ್ಲಿ ಎಷ್ಟು ಸಿಹಿಯಾಗಿ ಮಾತಾಡುತ್ತಾರೆ ಗೊತ್ತಾ!

ನಾನು ಕಲಿತ ಒಂದು ಉಪಾಯ ಇದೆ. ಮೊದಲ ಫೋನಿನಲ್ಲೇ ನಾಯಿಯ ತೊಂದರೆ ಹೇಳಿಬಿಡುವುದು. ಬರೀ ಬಣ್ಣ, ತಳಿ, ಎತ್ತರ ಕೇಳುತ್ತಿದ್ದವನು ಅಲ್ಲೇ ನಿಲ್ಲುತ್ತಾನೆ. "ಅದು ಯಾವಾಗ ಹಾಗೆ ಮಾಡುತ್ತದೆ? ನೀವು ಆಗ ಏನು ಮಾಡುತ್ತೀರಿ?" ಅಂತ ತಿರುಗಿ ಕೇಳಿದವರ ಜೊತೆ ಮಾತು ಮುಂದುವರಿಸುತ್ತೇನೆ. ನಿಜ ಹೇಳಿದರೆ ಯಾರೂ ಬರುವುದಿಲ್ಲ ಅನ್ನುವುದು ಸುಳ್ಳು. ಬರಬಾರದವರು ಬರುವುದಿಲ್ಲ.

ಆಮೇಲೆ ನಾಯಿಯನ್ನು ದಾರಿಯಲ್ಲಿ, ಅಂಗಡಿ ಮುಂದೆ ಕೈದಾಟಿಸಬೇಡಿ. ನೀವೇ ಅವರ ಮನೆಗೆ ಕರೆದುಕೊಂಡು ಹೋಗಿ. ಗೇಟಿನ ಕೆಳಗೆ ಎಷ್ಟು ಸಂದಿ ಇದೆ, ಮನೆಯವರೆಲ್ಲರಿಗೂ ಇಷ್ಟ ಇದೆಯಾ, ರಾತ್ರಿ ಎಲ್ಲಿ ಮಲಗಿಸುತ್ತಾರೆ, ನೋಡಿ. ಮನೆಯೊಳಗೆ ಬಿಡಲು ಅನುಮಾನಿಸುವವರಿಗೆ ನಾಯಿ ಕೊಟ್ಟು ನಾನು ಎರಡು ಸಲ ಕೈ ಸುಟ್ಟುಕೊಂಡಿದ್ದೇನೆ. ಮೂರು ತಿಂಗಳಾದ ಮೇಲೆ ಫೋಟೋ ಕೇಳಿದರೆ "ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ" ಅನ್ನುವ ಹಾಗೆ ನನ್ನನ್ನೇ ಜೋರು ಮಾಡಿದರು.

ಚರ್ಮದ ಕೆಳಗೆ ಗುರುತಿನ ಚಿಪ್ ಹಾಕಿಸಿ. ಅಕ್ಕಿ ಕಾಳಿನಷ್ಟು ದೊಡ್ಡದು, 15 ಅಂಕಿಯ ಸಂಖ್ಯೆ ಇರುತ್ತದೆ. ಅದು ನಾಯಿ ಎಲ್ಲಿದೆ ಅಂತ ತೋರಿಸುವುದಿಲ್ಲ, ಸ್ಕ್ಯಾನ್ ಮಾಡಿದಾಗ ಸಂಖ್ಯೆ ಹೇಳುತ್ತದೆ ಅಷ್ಟೇ. ಆ ಸಂಖ್ಯೆಯ ಎದುರು ಸರಿಯಾದ ಫೋನ್ ನಂಬರ್ ಇಲ್ಲದಿದ್ದರೆ ಹಾಕಿಸಿಯೂ ದಂಡ. ಕೊಡುವಾಗ ಹೊಸಬರ ನಂಬರ್ ಸೇರಿಸಬೇಕು, ಇದನ್ನು ಮರೆಯುವವರೇ ಜಾಸ್ತಿ.

ಬೆಳಗಿನ ವಾಕ್ · 3ನೇ ದಿನ

ಇಷ್ಟೆಲ್ಲ ತಲೆನೋವು ಯಾಕೆ, ಶೆಲ್ಟರ್‌ಗೆ ಬಿಟ್ಟರೆ ಅವರೇ ಒಳ್ಳೆಯ ಮನೆ ಹುಡುಕುತ್ತಾರಲ್ವಾ?

ಸೂಜಿಮದ್ದು · 3ನೇ ದಿನ

ಒಳ್ಳೆಯ ಶೆಲ್ಟರ್‌ಗಳಿವೆ, ಅವರ ಮೇಲೆ ನನಗೆ ಗೌರವ. ಆದರೆ ಜಾಗ ಯಾವಾಗಲೂ ಕಡಿಮೆ. 4 ವರ್ಷ ಸೋಫಾ ಮೇಲೆ ಮಲಗಿದ ನಾಯಿಗೆ ಅಲ್ಲಿನ ಸದ್ದು ಅಂದರೆ ಏನು ಯೋಚಿಸಿ. 1997ರಲ್ಲಿ ಮೈಕೆಲ್ ಹೆನ್ನೆಸ್ಸಿ ಮತ್ತು ಅವರ ಜೊತೆಗಾರರು ಶೆಲ್ಟರ್ ನಾಯಿಗಳ ರಕ್ತ ಪರೀಕ್ಷೆ ಮಾಡಿದರು. ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಮೊದಲ 3 ದಿನ ತುಂಬಾ ಮೇಲಿತ್ತು. 2019ರಲ್ಲಿ ಲೀಸಾ ಗುಂಟರ್ ತಂಡ ಇನ್ನೊಂದು ನೋಡಿತು: ಶೆಲ್ಟರ್ ನಾಯಿಗಳನ್ನು ಒಂದೆರಡು ರಾತ್ರಿ ಯಾರದಾದರೂ ಮನೆಯಲ್ಲಿ ಮಲಗಿಸಿದರೆ ಕಾರ್ಟಿಸಾಲ್ ಇಳಿಯುತ್ತದೆ. ವಾಪಸ್ ಹೋದ ಮೇಲೆ ಮತ್ತೆ ಮೊದಲಿನ ಮಟ್ಟಕ್ಕೆ ಬರುತ್ತದೆ.

ಇನ್ನೊಂದು ತೊಂದರೆ. ಅಲ್ಲಿ ಕಂಡ ಸ್ವಭಾವ ಮನೆಯಲ್ಲಿ ಕಾಣದಿರಬಹುದು, ಮನೆಯ ಸ್ವಭಾವ ಅಲ್ಲಿ ಕಾಣದಿರಬಹುದು. ಕೆಂಚ ಅಲ್ಲಿ ಹೆದರಿ ಊಟವೇ ಬಿಟ್ಟರೆ ಬಟ್ಟಲು ಕಾಯುವ ಅಭ್ಯಾಸ ಯಾರಿಗೆ ಗೊತ್ತಾಗುತ್ತದೆ? ಹಾಗಾಗಿ ಅಲ್ಲಿ ಬಿಟ್ಟರೂ ಹೇಳುವ ಜವಾಬ್ದಾರಿ ನಿಮ್ಮದೇ.

ಹಳೇ ಚಾಪೆ · 3ನೇ ದಿನ

ರೋಗದ ವಿಷಯ ನಾನು ಸೇರಿಸುತ್ತೇನೆ, ಸ್ವಂತ ತಪ್ಪು. ಯಾರೋ ಬಿಟ್ಟುಹೋದ ಮರಿಯೊಂದನ್ನು ತಂದು ಮೂರೇ ದಿನದಲ್ಲಿ ಒಂದು ಕುಟುಂಬಕ್ಕೆ ಕೊಟ್ಟೆ. ಚೆನ್ನಾಗಿ ಆಡುತ್ತಿತ್ತು. ಐದನೇ ದಿನ ರಕ್ತಭೇದಿ, ವಾಂತಿ. ಪಾರ್ವೋ, ಮರಿಗಳ ಜೀವ ತೆಗೆಯುವ ವೈರಸ್ ರೋಗ. ಸೋಂಕು ತಗುಲಿ ಸಾಮಾನ್ಯವಾಗಿ 3ರಿಂದ 7 ದಿನಕ್ಕೆ ಕಾಣಿಸಿಕೊಳ್ಳುತ್ತದೆ, ಅಂದರೆ ನಾನು ಕೊಡುವಾಗಲೇ ಒಳಗಿತ್ತು. ಆ ಮರಿ ಉಳಿಯಲಿಲ್ಲ. ಆ ಮನೆಯ ಮಕ್ಕಳ ಅಳು ಫೋನಿನಲ್ಲಿ ಕೇಳಿದೆ.

ಅದಕ್ಕಿಂತ ದೊಡ್ಡ ತಪ್ಪು, ಎರಡು ತಿಂಗಳ ನಂತರ ಅವರು ಇನ್ನೊಂದು ಮರಿ ಕೇಳಿದಾಗ ಹೂಂ ಅನ್ನಲು ಹೊರಟಿದ್ದು. ಡಾಕ್ಟರು ತಡೆದರು. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್‌ಗೆ ಬಗ್ಗುವುದಿಲ್ಲ, ಬ್ಲೀಚ್ ಬೇಕು. ಅಂದಿನಿಂದ ಹೊಸದಾಗಿ ಬಂದ ಯಾವ ನಾಯಿಯನ್ನೂ ಎರಡು ವಾರ ಬೇರೆ ಇಡದೆ ಕೊಡುವುದಿಲ್ಲ.

ಕಿಟಕಿ ಪಕ್ಕ · 8ನೇ ದಿನ

ಕೆಂಚನ ಬಾಯಿ ತೋರಿಸಿದೆವು. ಮೇಲಿನ ಬಲಗಡೆಯ ದೊಡ್ಡ ದವಡೆ ಹಲ್ಲು ಸೀಳಿದೆ! ಗಟ್ಟಿ ಮೂಳೆ ಕಡಿದು ಹಾಗಾಗಿರಬಹುದು ಅಂದರು. ಎಷ್ಟು ದಿನದಿಂದ ನೋವಿತ್ತೋ. ಊಟ ಬಿಟ್ಟಿರಲಿಲ್ಲ, ಕುಂಯ್ ಅಂದಿರಲಿಲ್ಲ. ಎಡಗಡೆಯಲ್ಲೇ ಅಗಿಯುತ್ತಿದ್ದ ಅಂತ ಈಗ ಹಳೇ ವಿಡಿಯೋ ನೋಡಿದರೆ ಕಾಣುತ್ತದೆ. 10 ದಿನ ಮುಗಿದ ಮೇಲೆ ಹಲ್ಲು ಕೀಳುತ್ತಾರೆ, ಅದೇ ಅರಿವಳಿಕೆಯಲ್ಲಿ ಸಂತಾನಹರಣ ಆಪರೇಷನ್ನೂ ಮಾಡುತ್ತಾರೆ.

ನೇರಮಾತು · 8ನೇ ದಿನ

ನೋಡಿ! ನೋವಿಗೆ ಹಾಗೆ ಮಾಡಿದ. ಇನ್ನು ಕೊಡುವ ಮಾತೇಕೆ?

ಸೂಜಿಮದ್ದು · 8ನೇ ದಿನ

ಅಷ್ಟು ಸಲೀಸಲ್ಲ. ನೋವು ಹೋದರೂ "ಹಲ್ಲು ತೋರಿಸಿದರೆ ಮಗು ದೂರ ಹೋಗುತ್ತದೆ" ಅಂತ ಅವನು ಕಲಿತಿದ್ದಾನೆ. ಕಲಿತದ್ದು ಹಲ್ಲಿನ ಜೊತೆ ಉದುರುವುದಿಲ್ಲ. ಆಪರೇಷನ್ನಿಂದಲೂ ಈ ಅಭ್ಯಾಸ ಹೋಗುತ್ತದೆ ಅಂತ ಭರವಸೆ ಕೊಡಲಾರೆ. ಅದರ ಲಾಭ ಬೇರೆ, ಮರಿ ಮಾಡಿಸುವವರ ಕೈಗೆ ಬೀಳುವುದಿಲ್ಲ.

ಒಳ್ಳೆಯ ಸುದ್ದಿಯೂ ಇದೆ. ಇಯಾನ್ ಡನ್ಬಾರ್ ಅನ್ನುವ ಪಶುವೈದ್ಯರು ಕಚ್ಚುವುದನ್ನು 6 ಹಂತವಾಗಿ ವಿಂಗಡಿಸಿದ್ದಾರೆ. ಹಲ್ಲು ತಾಗದಿದ್ದರೆ 1. ತಾಗಿಯೂ ಹಲ್ಲು ಒಳಗೆ ಇಳಿಯದಿದ್ದರೆ 2. 3ರಲ್ಲಿ ತೂತು ಬೀಳುತ್ತದೆ, 4ರಲ್ಲಿ ಆಳ ಜಾಸ್ತಿ. ಕೆಂಚ ಮಾಡಿದ್ದು 2. ಅಂದರೆ ಬಾಯಿಯ ಬಿಗಿ ಎಷ್ಟಿರಬೇಕು ಅನ್ನುವ ಹಿಡಿತ ಅವನಿಗಿದೆ. ಹೊಸಬರಿಗೆ ಹೇಳುವಾಗ "ಕಚ್ಚಿದ" ಅಂತ ಒಂದೇ ಮಾತು ಹೇಳಬೇಡಿ, "ಕಚ್ಚಿಲ್ಲ" ಅಂತಲೂ ಹೇಳಬೇಡಿ. ಇಲ್ಲಿ ಬರೆದಿರಲ್ಲ, ಬಟ್ಟಲು, ಕಣ್ಣಿನ ಬಿಳಿಭಾಗ, ಎರಡು ಗೆರೆ, ಹಾಗೇ ಹೇಳಿ.

ಕಿಟಕಿ ಪಕ್ಕ · 9ನೇ ದಿನ

ಇಟ್ಟುಕೊಳ್ಳುವ ಯೋಚನೆ ಮಾಡಿಲ್ಲ ಅಂದುಕೊಳ್ಳಬೇಡಿ. ಗೇಟು ಹಾಕಿಸಿದೆವು. ಅವನ ಊಟ ಬಾಗಿಲು ಮುಚ್ಚಿದ ಕೋಣೆಯಲ್ಲಿ. ಆದರೆ ನಮ್ಮದು ಎರಡು ಕೋಣೆಯ ಮನೆ. ಮಗು ಎಚ್ಚರ ಇದ್ದಾಗ ಅವನು ಒಳಗೆ, ಮಗು ಮಲಗಿದಾಗ ಅವನು ಹೊರಗೆ. ದಿನಕ್ಕೆ ಮೂರು ಗಂಟೆ ಕೂಡ ಅವನಿಗೆ ನಮ್ಮ ಜೊತೆ ಸಿಗುವುದಿಲ್ಲ. ಒಂದು ದಿನ ಯಾರಾದರೂ ಗೇಟು ಹಾಕುವುದು ಮರೆತರೆ? ಇನ್ನೂ ಎರಡು ಮೂರು ವರ್ಷ ಪ್ರತಿ ದಿನ ಮರೆಯದೆ ಇರಬೇಕು. ನಾನು ನನ್ನನ್ನು ಅಷ್ಟು ನಂಬುವುದಿಲ್ಲ.

ನೇರಮಾತು · 9ನೇ ದಿನ

ಸರಿ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕಿಟಕಿ ಪಕ್ಕ · 21ನೇ ದಿನ

ಹಲ್ಲು ಕೀಳಿಸಿ, ಆಪರೇಷನ್ ಮಾಡಿಸಿ, ಚಿಪ್ ಹಾಕಿಸಿ ಆಯಿತು. ಜಾಹೀರಾತನ್ನು ಹಳೇ ಚಾಪೆ ಅಕ್ಕ ಹೇಳಿದ ಹಾಗೆ ಹಾಕಿದೆ. 14 ಫೋನ್ ಬಂದವು. ಒಬ್ಬರು ಮೊದಲ ಮಾತಿಗೇ "ಆಪರೇಷನ್ ಆಗಿಲ್ಲ ತಾನೇ?" ಅಂದರು. ಆಗಿದೆ ಅಂದೆ. ಲೈನ್ ಕಟ್. ಇನ್ನೊಬ್ಬರು "ಬೊಗಳುತ್ತಾ? ಜೋರಾಗಿ?" ಅಂತ ಮೂರು ಸಲ ಕೇಳಿದರು, ಹೆಸರು ಒಂದು ಸಲವೂ ಕೇಳಲಿಲ್ಲ. ಬಟ್ಟಲಿನ ವಿಷಯ ಕೇಳಿದ ಮೇಲೆ ಉಳಿದವರು ಮೂವರು. ಅದರಲ್ಲಿ ಮಕ್ಕಳಿಲ್ಲದ ಒಂದು ಜೋಡಿ ನಿಜವಾಗಿ ಇಷ್ಟವಾದರು. ಎರಡು ವಾರ ಇಟ್ಟುಕೊಂಡು ನೋಡುವುದು, ಹೊಂದದಿದ್ದರೆ ನಮಗೇ ವಾಪಸ್ ಅಂತ ಮಾತಾಗಿದೆ. ಶನಿವಾರ ಬಿಟ್ಟು ಬರುತ್ತೇವೆ.

ಕಿಟಕಿ ಪಕ್ಕ · 25ನೇ ದಿನ

ಕೆಂಚ ತಪ್ಪಿಸಿಕೊಂಡಿದ್ದಾನೆ. ನಿನ್ನೆ ರಾತ್ರಿ ವಾಕಿಂಗ್ ಕರೆದುಕೊಂಡು ಹೋದಾಗ ಯಾವುದೋ ಗಾಡಿಯ ಸದ್ದಿಗೆ ಹಿಂದಕ್ಕೆ ಜಗ್ಗಿ, ಹಾರ್ನೆಸ್‌ನಿಂದ (ಎದೆಗೆ ಸುತ್ತಿ ಕಟ್ಟುವ ಪಟ್ಟಿ) ತಲೆ ಬಿಡಿಸಿಕೊಂಡು ಓಡಿದನಂತೆ. ನಾವಿಬ್ಬರೂ ಇಲ್ಲೇ ಇದ್ದೇವೆ, ಬೆಳಗಿನಿಂದ ಕೂಗಿ ಕೂಗಿ ಗಂಟಲು ಹೋಗಿದೆ. ಯಾರಿಗಾದರೂ ಅನುಭವ ಇದ್ದರೆ ಬೇಗ ಹೇಳಿ.

ಒಂಟಿಕಿವಿ · 25ನೇ ದಿನ

ಕೂಗುವುದು ನಿಲ್ಲಿಸಿ. ಹತ್ತು ಜನ ಸೇರಿ ಹುಡುಕುವುದೂ ಬೇಡ, ಅದು ಇನ್ನೂ ದೂರ ಓಡುತ್ತದೆ. ಹೆದರಿದ ನಾಯಿ ಮಾಲೀಕರ ದನಿ ಕೇಳಿದರೂ ಓಡಬಹುದು, ಬೇಜಾರು ಮಾಡಿಕೊಳ್ಳಬೇಡಿ.

ತಪ್ಪಿಸಿಕೊಂಡ ಜಾಗಕ್ಕೆ ಹೋಗಿ. ನೀವು ತೊಟ್ಟ, ತೊಳೆಯದ ಬಟ್ಟೆ ಅಲ್ಲಿ ಹಾಕಿ. ನೀರು, ಅವನ ಊಟ ಇಡಿ. ಕತ್ತಲಾದ ಮೇಲೆ, ಬೆಳಗಾಗುವ ಮುಂಚೆ, ಈ ಎರಡು ಹೊತ್ತು ಒಬ್ಬರೇ ನೆಲದ ಮೇಲೆ ಕೂತಿರಿ. ಕಂಡರೆ ಎದ್ದು ಓಡಬೇಡಿ. ಮುಖ ನೋಡದೆ, ಪಕ್ಕಕ್ಕೆ ತಿರುಗಿ, ಏನಾದರೂ ತಿನ್ನುವ ಹಾಗೆ ಕವರ್ ಸದ್ದು ಮಾಡಿ. ಪೋಸ್ಟರ್‌ನಲ್ಲಿ "ಹಿಡಿಯಬೇಡಿ, ಅಟ್ಟಬೇಡಿ, ಫೋನ್ ಮಾಡಿ" ಅಂತ ದೊಡ್ಡದಾಗಿ ಬರೆಯಿರಿ. ಹಳೇ ಮನೆಯಲ್ಲೂ ಒಬ್ಬರು ಇರಲಿ, ಆ ಕಡೆಗೂ ಬರಬಹುದು.

ಕಿಟಕಿ ಪಕ್ಕ · 28ನೇ ದಿನ

ಸಿಕ್ಕಿದ. ನಸುಕಿನಲ್ಲಿ 4.40ಕ್ಕೆ. ಕಟ್ಟುತ್ತಿರುವ ಮನೆಯೊಂದರ ಮರಳು ರಾಶಿ ಹಿಂದೆ ಇದ್ದ. ಬಿಸ್ಕತ್ತಿನ ಪ್ಯಾಕೆಟ್ ಸರಪರ ಅನಿಸುತ್ತಾ ಕೂತಿದ್ದೆ, ತಿರುಗಿ ನೋಡಲಿಲ್ಲ. ಮೊದಲು ಬೆನ್ನಿಗೆ ಉಸಿರು ತಾಗಿತು. ಆಮೇಲೆ ಮೂಗು. ಅಳು ತಡೆದುಕೊಂಡು ಇನ್ನೂ ಎರಡು ಬಿಸ್ಕತ್ತು ತಿನ್ನಿಸಿದ ಮೇಲೆ ಬೆಲ್ಟ್ ಹಾಕಿದೆ. ಮುಂಗಾಲಿನ ಪಾದ ಕುಯ್ದಿದೆ, ಎರಡು ಕೆಜಿ ಇಳಿದಿದ್ದಾನೆ, ಬೇರೇನಿಲ್ಲ.

ಒಂಟಿಕಿವಿ, ನಿಮಗೆ ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ.

ಆ ಜೋಡಿ ಇನ್ನು ಆಗುವುದಿಲ್ಲ ಅಂದರು. ಆ ಹುಡುಗಿ ನನಗಿಂತ ಜಾಸ್ತಿ ಅತ್ತಿದ್ದಳು. ತಪ್ಪು ಅವರದಲ್ಲ. ಹಾರ್ನೆಸ್ ಸಡಿಲ ಇದೆ ಅಂತ ನನಗೆ ಗೊತ್ತಿತ್ತು. ನನ್ನ ಜೊತೆ ಅವನು ಯಾವತ್ತೂ ಜಗ್ಗುತ್ತಿರಲಿಲ್ಲ, ಹಾಗಾಗಿ ಹೇಳಲಿಲ್ಲ.

ಹಳೇ ಚಾಪೆ · 28ನೇ ದಿನ

ಇದೇ ನೋಡಿ. ಮುಚ್ಚಿಟ್ಟದ್ದು ಮಾತ್ರ ಅಪಾಯ ಅಂದುಕೊಳ್ಳುತ್ತೇವೆ. ನಮಗೆ ಅಭ್ಯಾಸವಾಗಿ ಕಣ್ಣಿಗೇ ಬೀಳದೆ ಹೋದದ್ದನ್ನು ಯಾರು ಹೇಳುತ್ತಾರೆ?

ನಮ್ಮ ಕಡೆಯವರು 3-3-3 ಅಂತ ಒಂದು ಅಂದಾಜು ಹೇಳುತ್ತಾರೆ. ಗಾಬರಿ ಇಳಿಯಲು 3 ದಿನ, ಮನೆಯ ಕ್ರಮ ತಿಳಿಯಲು 3 ವಾರ, ಇದು ನನ್ನ ಮನೆ ಅನಿಸಲು 3 ತಿಂಗಳು. ವಿಜ್ಞಾನ ಅಲ್ಲ, ಅನುಭವದ ಮಾತು. ಮೊದಲ ದಿನಗಳಲ್ಲಿ ವಾಕಿಂಗೇ ಬೇಡ ಅನ್ನುವವಳು ನಾನು. ಅಂಗಳ ಇದ್ದರೆ ಅಲ್ಲೇ, ಹಗ್ಗ ಹಾಕಿಯೇ. ಹೊರಗೆ ಹೋಗಲೇಬೇಕಾದರೆ ಎರಡು ಹಗ್ಗ, ಒಂದು ಹಾರ್ನೆಸ್‌ಗೆ, ಒಂದು ಕುತ್ತಿಗೆಪಟ್ಟಿಗೆ.

ಈ ಸಲ ಒಂದು ಹಾಳೆ ಬರೆಯಿರಿ. ಕೆಂಚನ ಇಡೀ ದಿನ, ಎದ್ದಾಗಿನಿಂದ ಮಲಗುವ ತನಕ. ಸಣ್ಣದು ಅಂತ ಏನನ್ನೂ ಬಿಡಬೇಡಿ.

ಕಿಟಕಿ ಪಕ್ಕ · 34ನೇ ದಿನ

ಹಾಳೆಯ ಒಂದು ತುಂಡು ಇಲ್ಲಿ ಹಾಕುತ್ತೇನೆ. ಬಿಟ್ಟುಹೋದದ್ದಿದ್ದರೆ ಹೇಳಿ.

"ಊಟ ಮಾಡುವಾಗ, ಮುಗಿಸಿ ಹತ್ತು ನಿಮಿಷದ ತನಕ ಹತ್ತಿರ ಹೋಗಬೇಡಿ. ಖಾಲಿ ಬಟ್ಟಲನ್ನೂ ಕಾಯುತ್ತಾನೆ. ಬಟ್ಟಲು ಬೇಕಾದರೆ ದೂರದಲ್ಲಿ ಏನಾದರೂ ಎಸೆಯಿರಿ, ಅವನು ಎದ್ದು ಹೋದ ಮೇಲೆ ತೆಗೆಯಿರಿ. ಬೇಡವೆನಿಸಿದರೆ ಮೊದಲು ಬಾಯಿ ಮುಚ್ಚುತ್ತಾನೆ, ಆಮೇಲೆ ಮೈ ಬಿಗಿಯಾಗುತ್ತದೆ, ಆಮೇಲೆ ಗುರ್. ಒಂದು ಸಲ, ಮಗಳು ಬಟ್ಟಲು ಹಿಡಿದಾಗ ಕೆನ್ನೆಗೆ ಹಲ್ಲು ತಾಗಿಸಿದ್ದಾನೆ, ತೂತು ಬಿದ್ದಿಲ್ಲ. ಆಗ ಹಲ್ಲು ನೋವಿತ್ತು, ಈಗ ಕೀಳಿಸಿದೆ. ಇನ್ನು ಮಾಡುವುದಿಲ್ಲ ಅಂತ ನಾನು ಹೇಳಲಾರೆ. ಬೈಕ್ ಸದ್ದಿಗೆ ಹಿಂದಕ್ಕೆ ಜಗ್ಗುತ್ತಾನೆ. ಛತ್ರಿ ಬಿಚ್ಚಿದರೆ ಮಂಚದ ಕೆಳಗೆ. ಎಡಕಿವಿ ಹಿಂದೆ ಕೆರೆದರೆ ಹಿಂಗಾಲು ತಾನೇ ಆಡುತ್ತದೆ."

ಎರಡನೇ ಮಹಡಿ · 34ನೇ ದಿನ

ಇಂಥದ್ದೊಂದು ಹಾಳೆ ನನಗೆ ಸಿಕ್ಕಿದ್ದರೆ. ಒಂದು ಸೇರಿಸಿ: ಮಲಗಿದ್ದಾಗ ಹೇಗೆ ಎಬ್ಬಿಸಬೇಕು.

ತೋಟದ ಗೇಟು · 36ನೇ ದಿನ

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ನಾನು, ನನ್ನ ಹೆಂಡತಿ ಇಬ್ಬರೇ. ನಮ್ಮ ಹಳೇ ನಾಯಿ ಹೋಗಿ ಒಂದು ವರ್ಷವಾಯಿತು. ಸುತ್ತ ಆಳೆತ್ತರದ ಗೋಡೆ ಇದೆ. ಮೊಮ್ಮಕ್ಕಳು ವರ್ಷಕ್ಕೆ ಎರಡು ಸಲ ಬರುತ್ತಾರೆ, ಸಣ್ಣವನಿಗೆ 6. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಬಂದಾಗ ಇವನಿಗೆ ಬೇರೆ ಕೋಣೆ ಕೊಡುತ್ತೇನೆ, ಬಾಯಿಗೆ ಬುಟ್ಟಿಯಂಥ ಮಝಲ್ ಹಾಕಿಸಿಕೊಳ್ಳುವುದನ್ನು ಅಷ್ಟರೊಳಗೆ ಕಲಿಸುತ್ತೇನೆ. ಹಾಳೆ ಓದಿದ ಮೇಲೆ ಕೇಳುವುದು ಒಂದೇ: ಗುರ್ ಅಂದಾಗ ನೀವು ಹಿಂದೆ ಸರಿದರೆ ಅವನು ಸುಮ್ಮನಾಗುತ್ತಾನಾ, ಇಲ್ಲಾ ಅಟ್ಟಿಸಿಕೊಂಡು ಬರುತ್ತಾನಾ?

ಕಿಟಕಿ ಪಕ್ಕ · 36ನೇ ದಿನ

ಸುಮ್ಮನಾಗುತ್ತಾನೆ ಸರ್. ಯಾವತ್ತೂ ಅಟ್ಟಿಸಿಕೊಂಡು ಬಂದಿಲ್ಲ.

ಇಷ್ಟು ದಿನದಲ್ಲಿ ಈ ಪ್ರಶ್ನೆ ಕೇಳಿದವರು ನೀವೊಬ್ಬರೇ.

ತೋಟದ ಗೇಟು · 58ನೇ ದಿನ

ಕೆಂಚ ಬಂದು ಇವತ್ತಿಗೆ 16 ದಿನ. ಮೊದಲ ನಾಲ್ಕು ದಿನ ನಮ್ಮ ಮುಖ ನೋಡದೆ ಗೋಡೆ ನೋಡಿಕೊಂಡಿದ್ದ. ಈಗ ನನ್ನಾಕೆ ಪತ್ರಿಕೆ ಓದುವಾಗ ಅವಳ ಪಾದದ ಮೇಲೆ ಗಲ್ಲ ಇಟ್ಟು ಮಲಗುತ್ತಾನೆ. ಬಟ್ಟಲಿನ ಹತ್ತಿರ ಒಂದು ಸಲ ಗುರ್ ಅಂದ, ತಪ್ಪು ನನ್ನದೇ, ಒಂಬತ್ತನೇ ನಿಮಿಷಕ್ಕೆ ಹೋಗಿಬಿಟ್ಟೆ.

ಒಂದು ವಿಷಯ ಹಾಳೆಯಲ್ಲಿ ಇಲ್ಲಮ್ಮ. ರಾತ್ರಿ ಎರಡು ಗಂಟೆ ಹೊತ್ತಿಗೆ ಎದ್ದು ನಮ್ಮ ಕೋಣೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಬೊಗಳುವುದಿಲ್ಲ. ಹೊರಗೆ ಬಿಟ್ಟರೆ ಹೋಗುವುದಿಲ್ಲ. ನೀರೂ ಬೇಡ. ಏನು ಕೇಳುತ್ತಾನೆ?

ಕಿಟಕಿ ಪಕ್ಕ · 58ನೇ ದಿನ

ಅಯ್ಯೋ, ಅದನ್ನು ಬರೆಯಲು ಹೊಳೆಯಲೇ ಇಲ್ಲ. ಮಗು ಹಾಲಿಗೆ ಏಳುತ್ತಿದ್ದ ಹೊತ್ತು ಅದು. ನಾನು ಎದ್ದಾಗಲೆಲ್ಲ ಅವನೂ ಎದ್ದು ಬಾಗಿಲಲ್ಲಿ ನಿಂತಿರುತ್ತಿದ್ದ. ಮಗು ಮತ್ತೆ ಮಲಗಿದ ಮೇಲೆ "ಆಯ್ತು ಕೆಂಚ, ಹೋಗು" ಅಂತಿದ್ದೆ. ಹೋಗಿ ಮಲಗುತ್ತಿದ್ದ.

ನೀವೂ ಹಾಗೇ ಹೇಳಿ ನೋಡಿ ಸರ್.